ತುಂಬಿಸಿದ ಹಲ್ಲಿನ ಅಂಚು

ಕೋಲ್ಕತ್ತದ ಸಿಯಾಲ್ದಾ ರೈಲು ನಿಲ್ದಾಣದಿಂದ ಹೊರಬಿದ್ದು ಮೌಲಾಲಿ ಕಡೆಗೆ ಹೊರಟರೆ ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯಲ್ಲಿ ಡಾ. ಆರ್. ಅಹ್ಮದ್ ದಂತ ವೈದ್ಯಕೀಯ ಕಾಲೇಜು ಸಿಗುತ್ತದೆ. ಭಾರತದ ಮೊಟ್ಟಮೊದಲ ದಂತ ಕಾಲೇಜು ಇದು. ಅಮೆರಿಕದ ಅಯೋವಾದಲ್ಲಿ 1915ರಲ್ಲಿ ಪದವಿ ಪಡೆದು, ಬಾಸ್ಟನ್ನಿನ ಮಕ್ಕಳ ದಂತ ಚಿಕಿತ್ಸಾಲಯದಲ್ಲಿ ಕೈ ಪಳಗಿಸಿಕೊಂಡು ಬಂದ ರಫೀಉದ್ದೀನ್ ಅಹ್ಮದ್ 1920ರಲ್ಲಿ ಇದನ್ನು ಶುರುಮಾಡಿದರು. ಬಂಡವಾಳ ಬಂದದ್ದು ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಐಸ್‌ಕ್ರೀಂ ಅಂಗಡಿಯಿಂದ. ಹಲ್ಲು ಹಾಳುಮಾಡುವ ಸಿಹಿಯ ದುಡ್ಡಿನಲ್ಲೇ ಹಲ್ಲು ಉಳಿಸುವ ವಿದ್ಯೆ! 1928ರಲ್ಲಿ ಅವರು ವಿದ್ಯಾರ್ಥಿಗಳಿಗೆಂದು ಬರೆದ ಕೈಪಿಡಿಯ ವಿಷಯವೂ ಆಪರೇಟಿವ್ ಡೆಂಟಿಸ್ಟ್ರಿ, ಅಂದರೆ ಹುಳುಕನ್ನು ಕೊರೆದು ತೆಗೆದು ತುಂಬುವ ಕೆಲಸ. 1949ರಲ್ಲಿ ಕಾಲೇಜನ್ನು ಪಶ್ಚಿಮ ಬಂಗಾಳ ಸರ್ಕಾರಕ್ಕೆ ಒಪ್ಪಿಸಿದರು.

ಸಿಯಾಲ್ದಾ ಇರಲಿ, ಶಿವಮೊಗ್ಗ ಇರಲಿ, ಫಿಲ್ಲಿಂಗ್ ಮುಗಿಸಿ ಕುರ್ಚಿಯಿಂದ ಇಳಿದವರ ಮೊದಲ ಪ್ರಶ್ನೆ ಒಂದೇ: ಊಟ ಯಾವಾಗ ಮಾಡಬಹುದು? ಇದಕ್ಕೆ ಉತ್ತರ ನಿಮ್ಮ ಹಲ್ಲಿಗೆ ಏನು ತುಂಬಿದ್ದಾರೆ ಎನ್ನುವುದರ ಮೇಲಿದೆ.

ಹಳೆಯ ಕಾಲದ ಬೆಳ್ಳಿ ಬಣ್ಣದ ಅಮಾಲ್ಗಂ ಆಗಿದ್ದರೆ ಅದರ ತೂಕದಲ್ಲಿ ಸುಮಾರು ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರ. ಇವು ಸೇರಿ ಹೊಸ ಹರಳುಗಳಾಗಿ ಗಟ್ಟಿಯಾಗುವುದು ನಿಧಾನ. ಪೂರ್ತಿ ಬಲ ಬರಲು ಒಂದು ದಿನವೇ ಬೇಕು. ಅಲ್ಲಿಯವರೆಗೆ ಆ ಕಡೆಯಿಂದ ಅಗಿಯಬಾರದು. ಹಲ್ಲಿನ ಬಣ್ಣದ ಕಾಂಪೋಸಿಟ್ ಬೇರೆ ಜಾತಿ. ಅದೊಂದು ಅಂಟು ರಾಳ, ಒಳಗೆ ಗಾಜಿನ ನುಣ್ಣನೆಯ ಪುಡಿ. ವೈದ್ಯರು ಬಾಯೊಳಗೆ ನೀಲಿ ಬೆಳಕು ಹಿಡಿಯುತ್ತಾರಲ್ಲ, ಆ ಬೆಳಕು ರಾಳದಲ್ಲಿರುವ ಒಂದು ರಾಸಾಯನಿಕವನ್ನು ಕೆರಳಿಸಿ, ಅಣುಗಳನ್ನು ಸರಪಳಿಯಾಗಿ ಹೆಣೆಸುತ್ತದೆ. ಬೆಳಕು ಆಳಕ್ಕೆ ಇಳಿಯದ ಕಾರಣ ಸುಮಾರು 2 ಮಿಲಿಮೀಟರಿನ ಪದರಗಳಲ್ಲಿ ತುಂಬುತ್ತಾ, ಪ್ರತಿ ಪದರಕ್ಕೂ ಬೆಳಕು ಕೊಡುತ್ತಾರೆ. ಮನೆಗೆ ಹೊರಡುವ ಹೊತ್ತಿಗೆ ಅದು ಊಟಕ್ಕೆ ಸಿದ್ಧ. ಮಕ್ಕಳಿಗೆ ಹೆಚ್ಚಾಗಿ ಹಾಕುವ ಬಿಳಿಯ ಗ್ಲಾಸ್ ಅಯೊನೊಮರ್ ಸಿಮೆಂಟಿಗೆ ಮೊದಲ ಒಂದು ಗಂಟೆ ಏನನ್ನೂ ತಗಲಿಸದೆ, ಆ ದಿನವೆಲ್ಲ ಮೆತ್ತನೆಯದನ್ನು ತಿಂದರೆ ಒಳ್ಳೆಯದು. ಇದಕ್ಕೊಂದು ಹೆಚ್ಚುಗಾರಿಕೆ ಇದೆ: ನಿಧಾನವಾಗಿ ಫ್ಲೋರೈಡ್ ಬಿಡುತ್ತಿರುತ್ತದೆ. ಹಾಗಾಗಿ ‘ಯಾವುದನ್ನು ಹಾಕಿದಿರಿ ಡಾಕ್ಟ್ರೇ’ ಎಂದು ಕೇಳಿಕೊಂಡೇ ಎದ್ದೇಳಿ.

ಯಾವುದೇ ಆಗಲಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಅದರ ಅಮಲು ಇಳಿಯುವವರೆಗೆ ಕಾಯಲೇಬೇಕು. ಕೆಳದವಡೆಯಲ್ಲಿ ಕೆಲವು ಗಂಟೆ ಹಿಡಿಯುತ್ತದೆ. ಸಿಯಾಲ್ದಾದ ಮಣ್ಣಿನ ಭಾಂಡದ ಚಹಾ ಎಷ್ಟು ಸುಡುತ್ತಿದೆ ಎಂದು ಮರಗಟ್ಟಿದ ತುಟಿಗೆ ಗೊತ್ತಾಗುವುದಿಲ್ಲ. ಮಕ್ಕಳಂತೂ ತಮಾಷೆಗೆಂದು ತುಟಿ ಕಚ್ಚುತ್ತಾ ಗಾಯ ಮಾಡಿಕೊಳ್ಳುತ್ತಾರೆ. ಅವರ ಮೇಲೆ ಕಣ್ಣಿಟ್ಟಿರಬೇಕು.

ಮರುದಿನ ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ. ‘ಫಿಲ್ಲಿಂಗ್ ಸರಿಯಾಗಿಲ್ಲ’ ಎಂದು ಬೈಯುವ ಮುನ್ನ ಹಲ್ಲಿನ ಒಳಗನ್ನು ನೋಡಿ. ಎನಾಮಲ್‌ನ ಕೆಳಗಿನ ಡೆಂಟಿನ್‌ನಲ್ಲಿ ಒಂದೊಂದು ಚದರ ಮಿಲಿಮೀಟರಿಗೆ ಸಾವಿರಾರು ಸೂಕ್ಷ್ಮ ನಾಳಗಳಿವೆ, ಅವುಗಳ ತುಂಬ ದ್ರವವಿದೆ. ತಂಪು ತಗಲಿದಾಗ ಆ ದ್ರವ ಅಲುಗಿ ಒಳಗಿನ ನರವನ್ನು ಕೆಣಕುತ್ತದೆ. ಕೊರೆತದಿಂದ ಕೆರಳಿದ ಹಲ್ಲಿನಲ್ಲಿ ಇದು ಜಾಸ್ತಿ. ಕೆಲವು ದಿನ, ಒಮ್ಮೊಮ್ಮೆ ಎರಡು ಮೂರು ವಾರ ಇದ್ದು ತಾನಾಗಿ ಅಡಗುತ್ತದೆ.

ಹಲ್ಲು ತುಂಬಿಸಿದರೆ ಅಲ್ಲಿಗೆ ಕಥೆ ಮುಗಿಯಿತು ಎಂಬುದು ನಮ್ಮಲ್ಲಿ ಬಲವಾಗಿ ಬೇರೂರಿದ ನಂಬಿಕೆ. ಫಿಲ್ಲಿಂಗ್ ಹುಳುಕಾಗುವುದಿಲ್ಲ, ನಿಜ. ಹುಳುಕಾಗುವುದು ಅದರ ಅಂಚಿಗೆ ತಾಗಿದ ಹಲ್ಲು. ಕಾಂಪೋಸಿಟ್ ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ, ಅಗಿಯುವ ಒತ್ತಡಕ್ಕೆ ಅಂಚು ಸಡಿಲವಾಗುತ್ತದೆ, ಕೂದಲೆಳೆಗಿಂತ ಸಣ್ಣ ಬಿರುಕಿನಲ್ಲೂ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತವೆ. ಸಕ್ಕರೆ ಸಿಕ್ಕ ಕೂಡಲೇ ಅವು ಆಮ್ಲ ತಯಾರಿಸುತ್ತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಜೊಲ್ಲು ಅದನ್ನು ಮತ್ತೆ ಸರಿದಾರಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು.

ಆದ್ದರಿಂದ ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದೇ ಮುಖ್ಯ. ಊಟದ ಜತೆಗೆ ಎರಡು ರಸಗುಲ್ಲ ಹೊಡೆದು ಬಾಯಿ ಮುಕ್ಕಳಿಸಿದರೆ ಒಂದೇ ದಾಳಿ. ಕಚೇರಿಯಲ್ಲಿ ಕೂತು ಗಂಟೆಗೊಮ್ಮೆ ಸಕ್ಕರೆ ಚಹಾ ಗುಟುಕರಿಸಿದರೆ ದಿನವಿಡೀ ದಾಳಿ. ನನ್ನನ್ನು ಕೇಳಿದರೆ ರಸಗುಲ್ಲಕ್ಕೇ ಕಡಿಮೆ ಶಿಕ್ಷೆ. ಹಲ್ಲಿನ ಸಂದಿಯಲ್ಲಿ ಅಂಟಿ ಕೂರುವ ಕಡಲೆ ಮಿಠಾಯಿ ಅದಕ್ಕಿಂತ ಕೇಡು. ಇನ್ನು ಎಲೆಯಡಿಕೆ: ದೊಡ್ಡ ಫಿಲ್ಲಿಂಗ್ ಇರುವ ದವಡೆ ಹಲ್ಲಿನ ಗೋಡೆ ಈಗಾಗಲೇ ತೆಳುವಾಗಿರುತ್ತದೆ, ಗೋಟಡಿಕೆ ಕಡಿದರೆ ಫಿಲ್ಲಿಂಗ್ ಗಟ್ಟಿಯಾಗಿಯೇ ಉಳಿದು ಹಲ್ಲು ಸೀಳಬಹುದು.

ಫಿಲ್ಲಿಂಗ್ ಮಾಡಿಸಿದ ರಾತ್ರಿಯಿಂದಲೇ ಎಂದಿನಂತೆ ಮೆತ್ತನೆಯ ಬ್ರಷ್‌ನಲ್ಲಿ, ಫ್ಲೋರೈಡ್ ಇರುವ ಪೇಸ್ಟಿನಲ್ಲಿ ಹಲ್ಲುಜ್ಜಿ. ಎರಡು ಹಲ್ಲುಗಳ ನಡುವೆ ತುಂಬಿಸಿದ್ದರೆ ಬ್ರಷ್ ಅಲ್ಲಿಗೆ ಹೋಗುವುದಿಲ್ಲ, ಹಲ್ಲುಸಂದಿಯ ದಾರ (ಫ್ಲಾಸ್) ಬಳಸಬೇಕು. ಊಟವಾದ ಮೇಲೆ ಸೇಫ್ಟಿ ಪಿನ್ನಿನಿಂದ ಕೆದಕುವ ಚಟ ಇದ್ದರೆ ಇವತ್ತೇ ಬಿಡಿ.

ಬಾಯಿ ಮುಚ್ಚಿದಾಗ ತುಂಬಿಸಿದ ಹಲ್ಲೇ ಮೊದಲು ತಾಗುತ್ತಿದ್ದರೆ ‘ಸವೆದು ಸರಿಹೋಗುತ್ತದೆ’ ಎಂದು ಸುಮ್ಮನಿರಬೇಡಿ. ಬಣ್ಣದ ಕಾಗದ ಕಚ್ಚಿಸಿ, ಎತ್ತರವಾದ ಜಾಗವನ್ನು ಉಜ್ಜಿ ತಗ್ಗಿಸುವುದು ವೈದ್ಯರಿಗೆ ಐದು ನಿಮಿಷದ ಕೆಲಸ. ಏನೂ ತಾಗದೆ ರಾತ್ರಿ ತಾನಾಗಿ ಮಿಡಿಯುವ ನೋವು ಬಂದರೆ ಅದು ಬೇರೆ ಸಂಗತಿ. ಹಲ್ಲಿನ ತಿರುಳಿಗೇ ಊತ ಬಂದಿರಬಹುದು. ಲವಂಗದೆಣ್ಣೆ ಹಚ್ಚಿಕೊಂಡು ದಿನ ದೂಡದೆ ಮರುದಿನವೇ ತೋರಿಸಿ.