ಕೆನಡಾದ ಹಾಡಿಗೆ ಶೇಕಡಾ 30

ನೆರೆಮನೆಯ ಸದ್ದು ಜೋರಾದರೆ ನಮ್ಮ ಮನೆಯ ಹಾಡು ನಮಗೇ ಕೇಳಿಸದು. ಅಮೆರಿಕದ ಮಗ್ಗುಲಲ್ಲಿರುವ ಕೆನಡಾದ ಪಾಡು ಇದೇ ಆಗಿತ್ತು. ಅಲ್ಲಿನ ರೇಡಿಯೋ ತುಂಬ ಅಮೆರಿಕದ ಹಾಡುಗಳು. ನೀಲ್ ಯಂಗ್, ಜೋನಿ ಮಿಚೆಲ್‌ರಂತಹ ಗಾಯಕರು ಗಡಿ ದಾಟಿಯೇ ಹೆಸರು ಗಳಿಸಿದರು.

ಪಿಯರ್ ಜುನೋ ಅಧ್ಯಕ್ಷರಾಗಿದ್ದ ಪ್ರಸಾರ ಆಯೋಗವು 1971ರ ಜನವರಿ 18ರಿಂದ ಹೊಸ ನಿಯಮ ಜಾರಿಗೆ ತಂದಿತು: ಎ.ಎಂ. ಕೇಂದ್ರಗಳು ಬಿತ್ತರಿಸುವ ಸಂಗೀತದಲ್ಲಿ ಶೇಕಡಾ 30 ಕೆನಡಾದ್ದೇ ಆಗಿರತಕ್ಕದ್ದು. ಕೇಳುಗರು ದೂರವಾದಾರೆಂದು ಕೇಂದ್ರಗಳವರು ಆಕ್ಷೇಪಿಸಿದರು. ಆಯೋಗ ಜಗ್ಗಲಿಲ್ಲ. ಕೇಳುಗರೂ ದೂರವಾಗಲಿಲ್ಲ, ಧ್ವನಿಮುದ್ರಣದ ಉದ್ಯಮವೇ ಅಲ್ಲಿ ಬೇರೂರಿತು. ಅದೇ ವರ್ಷ ದೇಶದ ಸಂಗೀತ ಪ್ರಶಸ್ತಿಗೆ ‘ಜುನೋ’ ಎಂದೇ ಹೆಸರಾಯಿತು. 1999ರಲ್ಲಿ ಪಾಲು 35ಕ್ಕೇರಿತು. ಫ್ರೆಂಚ್ ಕೇಂದ್ರಗಳಿಗಂತೂ ಹಾಡುಗಳಲ್ಲಿ ಶೇಕಡಾ 65 ಫ್ರೆಂಚಿನವೇ ಇರಬೇಕೆಂಬ ಕಟ್ಟಳೆ.

ಪ್ರತಿಭೆ ಮೊದಲೇ ಇತ್ತು. ಬೇಕಾಗಿದ್ದುದು ಕೇಳಿಸುವ ಅವಕಾಶ. ಗಡಿನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.