ಲೈಸೆನ್ಸ್ ಮೊದಲು, ವೀಸಾ ಆಮೇಲೆ

ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರಿಗೆ ಅಮೆರಿಕ ಎಂದರೆ ಎಚ್-1ಬಿ. ಅದೇ ಊರಿನಲ್ಲಿ ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದವರಿಗೆ ಈ ವೀಸಾ ಸಾಮಾನ್ಯವಾಗಿ ಸಿಗುವುದಿಲ್ಲ. ಅವರ ಓದು ಕಡಿಮೆಯೆಂದಲ್ಲ. ಪದವಿಯನ್ನೇ ಕನಿಷ್ಠ ಅರ್ಹತೆಯಾಗಿ ಕೇಳುವ ಹುದ್ದೆಗಳಿಗೆ ಮಾತ್ರ ಎಚ್-1ಬಿ. ಅಮೆರಿಕದಲ್ಲಿ ಎರಡು ವರ್ಷದ ಅಸೋಸಿಯೇಟ್ ಕೋರ್ಸ್ ಮುಗಿಸಿದವರೂ ರಿಜಿಸ್ಟರ್ಡ್ ನರ್ಸ್ ಆಗಬಹುದು. ಹಾಗಾಗಿ ನರ್ಸುಗಳ ದಾರಿಯೇ ಬೇರೆ. ಅದು ಒಮ್ಮೆಲೇ ಆದದ್ದಲ್ಲ. ಮೋಸಕ್ಕೋ ಕೊರತೆಗೋ ಉತ್ತರವಾಗಿ ಒಂದೊಂದೇ ನಿಯಮ ಬಂದು ಸೇರಿತು.

1965ರ ವಲಸೆ ಕಾಯ್ದೆ ಏಷ್ಯಾದವರ ಮೇಲಿದ್ದ ಹಳೆಯ ನಿರ್ಬಂಧಗಳನ್ನು ತೆಗೆದುಹಾಕಿತು. 1970ರ ತಿದ್ದುಪಡಿಯಿಂದ ಕಾಯಂ ಹುದ್ದೆಗಳಿಗೂ ಎಚ್-1 ಎಂಬ ತಾತ್ಕಾಲಿಕ ವೀಸಾದ ಮೇಲೆ ಜನರನ್ನು ಕರೆಸಿಕೊಳ್ಳುವುದು ಸಾಧ್ಯವಾಯಿತು. ಫಿಲಿಪ್ಪೀನ್ಸ್, ಕೊರಿಯಾ, ಭಾರತದ ನರ್ಸುಗಳು ಅಲ್ಲಿಗೆ ಹೋದರು. ಆಗ ವೀಸಾ ಮೊದಲು, ಲೈಸೆನ್ಸ್ ಪರೀಕ್ಷೆ ಅಲ್ಲಿಗೆ ಹೋದ ಮೇಲೆ. ಪರಿಚಯವಿಲ್ಲದ ಮಾದರಿಯ ಪ್ರಶ್ನೆಪತ್ರಿಕೆ. ಹೊರಗಿನಿಂದ ಬಂದವರಲ್ಲಿ ಬಹುಪಾಲು ಮಂದಿ ಫೇಲಾಗುತ್ತಿದ್ದರು. ಫೇಲಾದವರಿಗೆ ಗಡೀಪಾರಿನ ಭಯ. ಎಷ್ಟೋ ಮಂದಿ ಸಹಾಯಕಿಯ ಸಂಬಳಕ್ಕೆ ನರ್ಸಿನ ಕೆಲಸ ಮಾಡಿದರು. ನಷ್ಟವೆಲ್ಲ ನರ್ಸಿನದು, ಕರೆಸಿಕೊಂಡ ಆಸ್ಪತ್ರೆಯದಲ್ಲ. ಈ ಅನ್ಯಾಯವನ್ನು ಮರೆತು ಇಂದಿನ ನಿಯಮಗಳನ್ನು ಬೈಯುವುದು ಸರಿಯಲ್ಲ.

ಅಮೆರಿಕದ ನರ್ಸುಗಳ ಸಂಘ ಮತ್ತು ನ್ಯಾಷನಲ್ ಲೀಗ್ ಫಾರ್ ನರ್ಸಿಂಗ್ ಸೇರಿ 1977ರಲ್ಲಿ ಸಿಜಿಎಫ್ಎನ್ಎಸ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದವು. ಫಿಲಡೆಲ್ಫಿಯಾದ ಈ ಸಂಸ್ಥೆ ಈಗ ಟ್ರೂಮೆರಿಟ್ ಎಂದು ಹೆಸರು ಬದಲಿಸಿಕೊಂಡಿದೆ. ಲೈಸೆನ್ಸ್ ಪರೀಕ್ಷೆಯಲ್ಲಿ ಪಾಸಾಗುವಷ್ಟು ತಯಾರಿ ಇದೆಯೇ ಎಂಬುದು ವಿಮಾನ ಹತ್ತುವ ಮುಂಚೆಯೇ ತಿಳಿಯಲಿ ಎಂದು, ಮರುವರ್ಷದಿಂದ ಅದು ನರ್ಸುಗಳ ಸ್ವಂತ ದೇಶಗಳಲ್ಲೇ ಪರೀಕ್ಷೆ ನಡೆಸಿತು. 1996ರ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವೀಸಾಸ್ಕ್ರೀನ್ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿತು. ಓದು, ಲೈಸೆನ್ಸ್, ಇಂಗ್ಲಿಷ್ ಮೂರನ್ನೂ ಅದಕ್ಕಾಗಿ ಪರಿಶೀಲಿಸುತ್ತಾರೆ. ಒಂದನೇ ತರಗತಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನಮ್ಮ ಹುಡುಗಿಯೂ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಬ್ರಿಟನ್, ಐರ್ಲೆಂಡ್‌ಗಳಲ್ಲಿ ನರ್ಸಿಂಗ್ ಓದಿದವರಿಗೆ ವಿನಾಯಿತಿ ಉಂಟು. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ತಾರತಮ್ಯ.

ಲೈಸೆನ್ಸ್ ಪರೀಕ್ಷೆಗೆ ಎನ್‌ಕ್ಲೆಕ್ಸ್ ಎಂಬ ಹೆಸರು ಬಂದದ್ದು 1982ರಲ್ಲಿ. 1994ರಲ್ಲಿ ಅದು ಕಂಪ್ಯೂಟರಿಗೆ ಬಂತು: ಬರೆಯುವವರ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆಯನ್ನು ಕಂಪ್ಯೂಟರೇ ಆರಿಸುತ್ತದೆ. ಆದರೂ ಅಮೆರಿಕದ ನೆಲಕ್ಕೇ ಹೋಗಿ ಬರೆಯಬೇಕಿತ್ತು. ಫಿಲಿಪ್ಪೀನ್ಸ್‌ನವರು ಹತ್ತಿರದ ಗುವಾಮ್, ಸೈಪಾನ್ ದ್ವೀಪಗಳಿಗೆ ಹೋಗುತ್ತಿದ್ದರು. ನಮ್ಮವರಿಗೆ ಆ ಅನುಕೂಲವೂ ಇರಲಿಲ್ಲ. 2005ರಲ್ಲಿ ಲಂಡನ್, ಸೋಲ್, ಹಾಂಗ್‌ಕಾಂಗ್‌ಗಳಲ್ಲಿ ಪರೀಕ್ಷೆ ಶುರುವಾಯಿತು. ಮುಂದೆ ಭಾರತಕ್ಕೂ ಬಂದು, ಬೆಂಗಳೂರಿನಲ್ಲೇ ಕೂತು ಬರೆಯುವಂತಾಯಿತು. ನರ್ಸುಗಳಿಗೆ ನಿಜವಾಗಿ ಅನುಕೂಲವಾದ ಬದಲಾವಣೆ ಇದು. ಸಾಲ ಮಾಡಿ ದೇಶ ಬಿಡುವ ಮುನ್ನವೇ ಫಲಿತಾಂಶ ಕೈಯಲ್ಲಿರುತ್ತದೆ.

ಅದೇ 2005ರಲ್ಲಿ ಅಮೆರಿಕದ ಸಂಸತ್ತು ನರ್ಸುಗಳಂಥ ಕೊರತೆಯ ವೃತ್ತಿಗಳವರಿಗೂ ಅವರ ಕುಟುಂಬದವರಿಗೂ ಎಂದು 50,000 ಹೆಚ್ಚುವರಿ ವಲಸೆ ವೀಸಾಗಳನ್ನು ಕೊಟ್ಟಿತು. ಎರಡು ವರ್ಷ ತುಂಬುವುದರೊಳಗೆ ಅವೂ ಮುಗಿದವು. ಅಲ್ಲಿಂದೀಚೆಗೆ ನರ್ಸುಗಳಿಗೆ ಉಳಿದ ಮುಖ್ಯ ದಾರಿ ಇಬಿ-3 ಎಂಬ ಗ್ರೀನ್ ಕಾರ್ಡ್ ವರ್ಗ. ಸ್ಥಳೀಯರು ಸಿಗಲಿಲ್ಲ ಎಂದು ಆಸ್ಪತ್ರೆ ಸಾಬೀತು ಮಾಡಬೇಕಿಲ್ಲ. ಸರ್ಕಾರವೇ ನರ್ಸಿಂಗನ್ನು ಕೊರತೆಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಆದರೆ ಯಾವ ದೇಶಕ್ಕೂ ಸುಮಾರು ಶೇ 7ಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಸಿಗದು. ಭಾರತದ ಸಾಲಿನಲ್ಲಿ ಐ.ಟಿ.ಯವರೂ ನಿಂತಿದ್ದಾರೆ. ಹೀಗಾಗಿ ಕಾಯುವ ಅವಧಿ ಹತ್ತು ವರ್ಷ ಮೀರಿದೆ. ಎನ್‌ಕ್ಲೆಕ್ಸ್ ಪಾಸಾದ ಕೂಡಲೇ ಹೊರಡಬಹುದು ಎನ್ನುವ ಏಜೆಂಟ್ ಸುಳ್ಳು ಹೇಳುತ್ತಿದ್ದಾನೆ. ಬ್ರಿಟನ್, ಜರ್ಮನಿ, ಕೊಲ್ಲಿ ದೇಶಗಳತ್ತ ನಮ್ಮವರು ತಿರುಗಲು ಈ ಸಾಲೂ ಒಂದು ಕಾರಣ.

ಕಾಗದಪತ್ರಗಳ ಕೆಲಸವೂ ಸಣ್ಣದಲ್ಲ. ಅಂಕಪಟ್ಟಿ, ಕ್ಲಿನಿಕಲ್ ತರಬೇತಿಯ ಗಂಟೆಗಳ ಲೆಕ್ಕ, ರಾಜ್ಯ ನರ್ಸಿಂಗ್ ಕೌನ್ಸಿಲಿನ ವೆರಿಫಿಕೇಶನ್ ಎಲ್ಲವೂ ಕಾಲೇಜು ಮತ್ತು ಕೌನ್ಸಿಲಿನಿಂದಲೇ ಪರಿಶೀಲಿಸುವ ಸಂಸ್ಥೆಗೆ ನೇರವಾಗಿ ಹೋಗಬೇಕು. ನರ್ಸ್ ತಾನೇ ಕಳಿಸಿದರೆ ನಡೆಯುವುದಿಲ್ಲ. ನಕಲಿ ಸರ್ಟಿಫಿಕೇಟುಗಳ ಕಾಲದಲ್ಲಿ ಈ ನಿಯಮ ಬೇಕೇ ಬೇಕು. ಆದರೆ ಅದು ನಡೆಯಬೇಕಾದರೆ ಕಾಲೇಜಿನ ಆಫೀಸು ಚುರುಕಾಗಿರಬೇಕು. ಒಂದು ಲಕೋಟೆಗಾಗಿ ಹಳೆಯ ವಿದ್ಯಾರ್ಥಿನಿಯನ್ನು ತಿಂಗಳುಗಟ್ಟಲೆ ಅಲೆಸುವ ಕಾಲೇಜು ಅವಳ ಬದುಕಿನ ಜೊತೆ ಆಟವಾಡುತ್ತಿದೆ ಎಂದೇ ನನ್ನ ಅಭಿಪ್ರಾಯ.

ಇನ್ನು ಬಾಂಡ್. ಒಪ್ಪಂದದ ಅವಧಿಗೆ ಮುಂಚೆ ಕೆಲಸ ಬಿಟ್ಟರೆ 25,000 ಡಾಲರ್ ದಂಡ ಎಂಬ ಕರಾರಿನ ವಿರುದ್ಧ ಫಿಲಿಪ್ಪೀನ್ಸ್‌ನ ನರ್ಸುಗಳು ನ್ಯೂಯಾರ್ಕ್‌ನಲ್ಲಿ ಮೊಕದ್ದಮೆ ಹೂಡಿದ್ದರು. ಇಂಥ ದಂಡದ ಬೆದರಿಕೆ ಮಾನವ ಕಳ್ಳಸಾಗಣೆ ತಡೆ ಕಾನೂನಿನ ಉಲ್ಲಂಘನೆ ಎಂದು 2019ರಲ್ಲಿ ಫೆಡರಲ್ ಕೋರ್ಟು ತೀರ್ಪು ಕೊಟ್ಟಿತು.

ನಮ್ಮಲ್ಲೂ 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಏಜೆಂಟ್ ವಿದೇಶಿ ಕೆಲಸಕ್ಕೆ ಜನರನ್ನು ಕಳಿಸುವಂತಿಲ್ಲ. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಹೊರಡುವ ಯೋಚನೆಯಲ್ಲಿರುವವರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಏಜೆಂಟನ ಹೆಸರಿದೆಯೇ ಎಂದು ಮೊದಲು ನೋಡಿ. ಮೂಲ ಸರ್ಟಿಫಿಕೇಟುಗಳನ್ನು ಯಾರ ಕೈಗೂ ಒಪ್ಪಿಸಬೇಡಿ. ಕರಾರಿನಲ್ಲಿರುವ ದಂಡದ ಮೊತ್ತವನ್ನು ಓದಿ, ಮನೆಯವರಿಗೂ ಓದಿ ಹೇಳಿ, ಆಮೇಲಷ್ಟೇ ಸಹಿ ಹಾಕಿ.