ತಂಬೂರಿಯ ಹೊಳಪಿಗೆ ತೆರಬೇಕಾದ ಬೆಲೆ

ನಿವೃತ್ತಿಯ ಬಿಡುವು ಕೆಲವೊಮ್ಮೆ ಅನಗತ್ಯ ಧೈರ್ಯವನ್ನು ತಂದುಕೊಡುತ್ತದೆ. ದಿವಂಗತ ಪತ್ನಿ ನಾಲ್ಕು ದಶಕ ನುಡಿಸಿದ ಮಿರಜ್ ತಂಬೂರಿಯನ್ನು ಮೊಮ್ಮಗಳ ಸಂಗೀತ ಪಾಠಕ್ಕೆ ಸಿದ್ಧಪಡಿಸಲೆಂದು ಉಪ್ಪುಕಾಗದ ಹಿಡಿದು ನಾನೇ ಕುಳಿತೆ. ಅರ್ಧ ಗಂಟೆಯೊಳಗೆ ದಂಡಿಯ ಅಂಚಿನಲ್ಲಿ ಲೇಪ ಪೂರ್ತಿ ಸವೆದು ಮರ ಇಣುಕಿತು. ಅದು ಅವಳ ಹೆಬ್ಬೆರಳು ಸದಾ ಒರಗುತ್ತಿದ್ದ ಜಾಗ.

ಅಪರಾಧಿ ಭಾವದಿಂದಲೇ ವಾದ್ಯವನ್ನು ಮಿರಜ್‌ಗೆ ಒಯ್ದೆ. ಅಬ್ದುಲ್ ಕರೀಂ ಖಾನರು ನೆಲೆಸಿದ್ದ, ಹುಬ್ಬಳ್ಳಿ-ಧಾರವಾಡದ ಗಾಯಕರು ತಲೆಮಾರುಗಳಿಂದ ತಂಬೂರಿ ತರುವ ಊರು ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ವಾದ್ಯ ತಯಾರಿಕೆ ಆರಂಭಿಸಿದವರು ಶಿಕಲಗಾರರು, ಅಂದರೆ ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಯುದ್ಧಗಳು ನಿಂತ ಮೇಲೆ ಅದೇ ಕೈಗಳು ಸೋರೆ ಬುರುಡೆಗೂ ಮರಕ್ಕೂ ಒಲಿದವು.

ಸಾಂಪ್ರದಾಯಿಕ ಮೆರುಗಿಗೆ ಮೂಲ ಅರಗು. ಮರದ ರೆಂಬೆಗಳ ಮೇಲೆ ಕೀಟಗಳು ಸ್ರವಿಸುವ ಈ ವಸ್ತುವನ್ನು ಶುದ್ಧೀಕರಿಸಿ ತೆಳು ಚೂರುಗಳನ್ನಾಗಿಸಿ, ಸ್ಪಿರಿಟ್‌ನಲ್ಲಿ ಕರಗಿಸುತ್ತಾರೆ. ಬಟ್ಟೆಯ ಉಂಡೆಯಿಂದ ತೆಳುವಾಗಿ ಸವರಿದ ಪ್ರತಿ ಲೇಪವೂ ಕೆಳಗಿನದನ್ನು ತುಸು ಕರಗಿಸಿ ಅದರೊಡನೆ ಒಂದಾಗುತ್ತದೆ. ನಡುನಡುವೆ ನಯವಾದ ಉಪ್ಪುಕಾಗದದಿಂದ ಉಜ್ಜಿ ಮಟ್ಟ ಮಾಡಬೇಕು. ಅರಗಿಗೆ ನೀರು ತಗಲಿದರೆ ಬಿಳಿಚಿಕೊಳ್ಳುವ ಭಯವಿರುವುದರಿಂದ ಎಣ್ಣೆಯ ಪಸೆ ಸಾಕು. ಉಜ್ಜಿದಾಗ ಮೇಲ್ಮೈ ಮಂಕಾಗುತ್ತದೆ. ಅಲ್ಲಲ್ಲಿ ಇನ್ನೂ ಹೊಳೆಯುವ ಚುಕ್ಕೆಗಳು ಉಳಿದರೆ ಅವೇ ತಗ್ಗುಗಳು. ಎಲ್ಲವೂ ಸಮನಾಗಿ ಮಂಕಾದ ಮೇಲಷ್ಟೇ ಕೊನೆಯ ಹೊಳಪು. ಲೇಪ ತೆಳುವಾಗಿರುವ ಅಂಚುಗಳಲ್ಲಿ ಕೈ ಹಗುರಾಗಬೇಕು. ನಾನು ಎಡವಿದ್ದು ಅಲ್ಲಿಯೇ.

ಮುಖ್ಯ ಮಾತೆಂದರೆ, ಇಲ್ಲಿ ಉಜ್ಜುವುದಕ್ಕಿಂತ ಕಾಯುವ ಹೊತ್ತೇ ಹೆಚ್ಚು. ಒಳಗಿನ ಸ್ಪಿರಿಟ್ ಪೂರ್ತಿ ಆರುವ ಮುನ್ನ ಮಟ್ಟ ಮಾಡಿದರೆ, ಲೇಪ ಕುಗ್ಗಿದಂತೆ ಮರದ ಗೆರೆಗಳು ಮತ್ತೆ ಎದ್ದು ಕಾಣುತ್ತವೆ. “ಬೇಗ ಆಗದೇ?” ಎಂದು ಕೇಳಿದೆ. ಕುಶಲಕರ್ಮಿ ನಕ್ಕರು: “ಸಾಹೇಬ್ರ, ಮೆರುಗು ನಾ ಕೊಡ್ತೀನ್ರಿ. ಒಣಗೋದು ಅದರ ಕೈಯಾಗ ಐತ್ರಿ.”

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಬೌಮೋಲ್ ಮತ್ತು ಬೋವೆನ್ 1966ರಲ್ಲಿ ಪ್ರಕಟಿಸಿದ ವಾದ ನೆನಪಾಯಿತು. ಕಾರ್ಖಾನೆಯಲ್ಲಿ ಉತ್ಪಾದಕತೆ ಏರುತ್ತದೆ, ಕೂಲಿಯೂ ಏರುತ್ತದೆ. ಆದರೆ ನಾಲ್ವರು ನುಡಿಸುವ ಕೃತಿಗೆ ಅಂದಿನಷ್ಟೇ ಜನ, ಅಷ್ಟೇ ಹೊತ್ತು ಬೇಕು. ಹಾಗಾಗಿ ಕಲೆ ದುಬಾರಿಯಾಗುತ್ತಲೇ ಹೋಗುತ್ತದೆ. ವಾದ್ಯ ತಯಾರಿಕೆಗೂ ಇದು ಒಪ್ಪುವ ಮಾತು. ದಪ್ಪ ಕೃತಕ ಲೇಪವನ್ನು ಸಿಂಪಡಿಸಿ ಕೆಲಸ ಮುಗಿಸಬಹುದು. ಆದರೆ ದಪ್ಪ ಲೇಪ ಹಲಗೆಯ ಕಂಪನವನ್ನು ತಗ್ಗಿಸುತ್ತದೆ.

2024ರಲ್ಲಿ ಮಿರಜ್‌ನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಿ ದೊರೆಯಿತು. ಸಂತೋಷ. ಆದರೆ ಅದು ಹೆಸರನ್ನು ಕಾಯುತ್ತದೆಯೇ ಹೊರತು ಕಾಯುವವನ ಹೊಟ್ಟೆಯನ್ನಲ್ಲ. ವಾದ್ಯ ಒಣಗುವ ವಾರಗಳಲ್ಲಿ ಮರ, ಅರಗು, ಕೂಲಿಗೆ ಹಾಕಿದ ಹಣ ಸಿಕ್ಕಿಕೊಂಡಿರುತ್ತದೆ. ಆ ಅವಧಿಗೆ ಸುಲಭ ದುಡಿಮೆ ಬಂಡವಾಳ ಸಿಗಬೇಕು. ಶಾಲೆ, ಅಕಾಡೆಮಿಗಳಿಗೆ ಕನಿಷ್ಠ ದರದ ಟೆಂಡರ್ ಮೂಲಕ ವಾದ್ಯ ಕೊಳ್ಳುವ ಪದ್ಧತಿಯೂ ಬದಲಾಗಬೇಕು. ಅಂಥ ಕಡತಗಳಿಗೆ ನಾನೇ ಸಹಿ ಹಾಕಿದ್ದೇನೆ. ವಾದ್ಯ ಕೈಗೆ ಬಂದ ದಿನ ಎಲ್ಲ ಮೆರುಗೂ ಒಂದೇ ಬಗೆಯಾಗಿ ಹೊಳೆಯುತ್ತದೆ; ಮಟ್ಟ ಮಾಡಲು ಪಟ್ಟ ಶ್ರಮ ದರಪಟ್ಟಿಯಲ್ಲಿ ಕಾಣುವುದಿಲ್ಲ.

ಮಿರಜ್‌ನಲ್ಲಿ ದರ ಕೇಳಿದೊಡನೆ ಅಭ್ಯಾಸಬಲದಿಂದ ನಾನೂ ಚೌಕಾಸಿಗಿಳಿದಿದ್ದೆ. ಏಳು ವಾರಗಳ ನಂತರ ತಂಬೂರಿ ಮರಳಿ ಪಡೆದಾಗ ಕೇಳಿದಷ್ಟೂ ಕೊಟ್ಟೆ. ಅಂಚಿನ ಆ ಜಾಗ ಉಳಿದ ಭಾಗಕ್ಕಿಂತ ತುಸು ತಿಳಿಬಣ್ಣವಾಗಿಯೇ ಇದೆ. ಮೊಮ್ಮಗಳು ಈಗ ಅಲ್ಲಿಯೇ ಹೆಬ್ಬೆರಳಿಟ್ಟು ಮೀಟುತ್ತಾಳೆ.